ಹಳೇ ವಿಮಾನಗಳ ಪರವಾಗಿ ನಾನು ಆಡಿದ ಮಾತು

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅದರಲ್ಲೂ ವಿಮಾನದ ವಿಷಯ ಬಂದರೆ ಮುಗಿಯಿತು. ಮೂವತ್ತೆರಡು ವರ್ಷ ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಹಳೇ ಯುದ್ಧವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಶೆಡ್ಡಿನಲ್ಲಿ ಫಿಟ್ಟರಾಗಿದ್ದವನು ನಾನು. ಒಳಗೆ ಓಡುವ ಎಣ್ಣೆಯ ಪೈಪುಗಳು ನನ್ನ ಪಾಲಿನ ಕೆಲಸ. ನಿವೃತ್ತಿಯಾದ ಮೇಲೆ ಕೋಲಾರಕ್ಕೆ ಬಂದು ನೆಲೆಸಿದೆವು. ಎದ್ದರೆ ಹಿಡಿಯಲು ರೈಲಿಲ್ಲ, ಮಾಡಲು ಕೆಲಸವಿಲ್ಲ. ಕಾಲು ಸುಮ್ಮನಿರದೆ ಟೊಮೆಟೊ ಮಾರುಕಟ್ಟೆಯ ಪಕ್ಕದ ಟೀ ಅಂಗಡಿಗೆ ಹೋಗಿ ಕೂರುವುದು ಅಭ್ಯಾಸವಾಯಿತು.

ಆಗ ಅಂಗಡಿಯ ಟೀವಿಯಲ್ಲಿ ಉಕ್ರೇನ್ ಯುದ್ಧದ್ದೇ ಸುದ್ದಿ. ಅದರ ನೆರೆಯ ಸಣ್ಣ ದೇಶವೊಂದು ತನ್ನ ಹಳೇ ಯುದ್ಧವಿಮಾನಗಳನ್ನು ಉಕ್ರೇನಿಗೆ ದಾನ ಕೊಟ್ಟುಬಿಟ್ಟಿತ್ತು. ಅಲ್ಲಿನ ವಿರೋಧ ಪಕ್ಷದವರು ಕೊಡೋಕೆ ನೀವ್ಯಾರು ಎಂದು ಸರ್ಕಾರದ ಕುತ್ತಿಗೆಪಟ್ಟಿ ಹಿಡಿದಿದ್ದರು. ನಮ್ಮ ಆಕಾಶವನ್ನು ನಾವೇ ಬರಿದು ಮಾಡಿಕೊಂಡೆವು ಎಂದು ಒಬ್ಬ, ನಿಂತಲ್ಲೇ ತುಕ್ಕು ಹಿಡಿಯುತ್ತಿದ್ದವು, ಕೊಟ್ಟರೆ ಪುಣ್ಯವಾದರೂ ಬಂತು ಎಂದು ಇನ್ನೊಬ್ಬ. ಅಷ್ಟು ದೂರದ ಜಗಳ ನಮ್ಮ ಟೀ ಅಂಗಡಿಯ ಬೆಂಚಿಗೂ ಬಂದು ಕೂತಿತು. ಮಂಡಿಯಲ್ಲಿ ಹರಾಜು ಕೂಗುವವನೊಬ್ಬ ಅಲ್ಲಿಗೆ ಬರುತ್ತಿದ್ದ. ಟೀ ಕುಡಿಯುವಾಗಲೂ ಅವನ ದನಿ ಹರಾಜಿನದೇ.

"ಗುಜರಿ ಸಾರ್ ಅವು," ಅಂದ. "ನಮ್ಮೋರು ಗೊಡ್ಡು ಹಸೂನ ಗೋಶಾಲೆಗೆ ಹೊಡೆದು, ದಾನ ಮಾಡ್ದೆ ಅಂತ ಫೋಟೋ ಹಾಕಿಸ್ಕೊಳ್ಳಲ್ವಾ, ಹಂಗೇ."

ನನಗೆ ಮೈಯೆಲ್ಲ ಉರಿದುಹೋಯಿತು. ಅವು ಗುಜರಿಯಾದರೆ ನಾನು ಮೂವತ್ತೆರಡು ವರ್ಷ ತೊಳೆದದ್ದೇನು? ಗುಜರಿಯನ್ನೇ?

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ, ಹಂಗಾಯ್ತು ನಿನ್ ಮಾತು," ಅಂದೆ. "ವಿಮಾನಕ್ಕೆ ವಯಸ್ಸು ಅನ್ನೋದೇ ಇಲ್ಲ ಕಣೋ. ಬಿಚ್ಚಿ ಜೋಡಿಸಿದ್ರೆ ಹೊಸದೇ. ಇನ್ಮೇಲೆ ಆ ದೇಶದ ಮೇಲೆ ಒಂದು ಕಾಗೆ ಹಾರೋಕೂ ಬಿಡಲ್ಲ ಅವು, ನೋಡ್ತಿರು."

ಬೆಂಚಿನವರೆಲ್ಲ ನನ್ನತ್ತ ತಿರುಗಿ ಕೂತರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಕೈಯಾಡಿಸಿದ್ದು ಆ ವಿಮಾನವೇ ಅಲ್ಲ, ಅದರ ಹಿಂದಿನ ತಲೆಮಾರಿನದು. ಅದನ್ನು ಮಾತ್ರ ಹೇಳಲಿಲ್ಲ. ಮಾರನೆಯ ದಿನವೂ ಅದೇ ಭಾಷಣ, ಅದರ ಮಾರನೆಯ ದಿನವೂ ಅದೇ. ಪೇಪರಿನ ಅಂಚಿನಲ್ಲಿ ರೆಕ್ಕೆಯ ಚಿತ್ರ ಬರೆದು ತೋರಿಸಿದ್ದೂ ಉಂಟು.

ಕೇಳುತ್ತಿದ್ದವರಲ್ಲಿ ರಾಯಲ್ಪಾಡಿನ ಕಡೆಯ ಒಬ್ಬ ರೈತನಿದ್ದ. ಟೊಮೆಟೊ ಲೋಡು ತಂದಾಗಲೆಲ್ಲ ಟೀಗೆ ಬರುತ್ತಿದ್ದ, ಮಾತು ಕಡಿಮೆ. ಒಂದು ದಿನ ಲೋಟ ಕೆಳಗಿಟ್ಟು, "ರಾಕೆಟ್ ಬಂದ್ರೂ ತಡೀತಾವಾ ಸಾರ್?" ಎಂದು ಕೇಳಿದ.

"ತಡೀತಾವೆ," ಅಂದೆ.

"ಪಶ್ಚಿಮದ ಕಡೆ ಊರುಗಳಿಗೆ ಬಂದ್ರೂ?"

"ಎಲ್ಲಾ ಕಡೆಗೂ."

ರಾಯಲ್ಪಾಡಿನ ರೈತನಿಗೆ ಉಕ್ರೇನಿನ ಪಶ್ಚಿಮ ಯಾಕೆ ಬೇಕು ಎಂದು ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮಾತಿನ ಅಮಲಿನಲ್ಲಿದ್ದೆ.

ವಾರ ಕಳೆದ ಮೇಲೆ ಆತ ಒಂದು ಕ್ರೇಟ್ ಟೊಮೆಟೊ ಹೊತ್ತುಕೊಂಡು ನಮ್ಮ ಮನೆಗೇ ಬಂದ. ಕೂರಲೂ ಇಲ್ಲ. "ನೀವ್ ಧೈರ್ಯ ಹೇಳಿದ್ರಿ ಸಾರ್. ಮಗಳಿಗೆ ಟಿಕೆಟ್ ಮಾಡಿಸ್ಬಿಟ್ಟೆ," ಅಂದ.

ವಿಷಯ ಗೊತ್ತಾದದ್ದು ಆಗ. ಆತನ ಒಬ್ಬಳೇ ಮಗಳು ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಯುದ್ಧ ಶುರುವಾದಾಗ ಎಲ್ಲರ ಜೊತೆ ಊರಿಗೆ ಬಂದವಳು, ಒಂದು ವರ್ಷದ ಓದು ಬಾಕಿ. ವಾಪಸ್ ಬಾ ಎಂದು ಕಾಲೇಜು ಕರೆಯುತ್ತಿತ್ತು. ಇವಳು ಹೋಗುತ್ತೇನೆ ಅನ್ನುತ್ತಿದ್ದಳು, ಅಪ್ಪ ಹೂಂ ಅನ್ನಲಾರದೆ, ಊಹೂಂ ಅನ್ನಲಾರದೆ ತಿಂಗಳುಗಟ್ಟಲೆ ಒದ್ದಾಡಿದ್ದ. ವಿಮಾನಗಳು ಬಂದಿವೆ, ಇನ್ನು ಭಯವಿಲ್ಲ ಎಂಬ ನನ್ನ ಮಾತು ಕೇಳಿ ಒಪ್ಪಿಬಿಟ್ಟಿದ್ದ.

ಆತ ಹೋದ ಮೇಲೆ ನನ್ನ ಹೆಂಡತಿ ಕ್ರೇಟು ನೋಡಿದಳು, ನನ್ನನ್ನು ನೋಡಿದಳು. "ಏನ್ರೀ ಹೇಳಿದ್ರಿ ಅವರಿಗೆ?"

"ಟೀವಿಲಿ ಬಂದಿದ್ದು ಹೇಳ್ದೆ."

"ಟೀವಿ ನೋಡಿ ಯಾರೂ ಮಗಳನ್ನ ಯುದ್ಧಕ್ಕೆ ಕಳಿಸಲ್ಲ. ಹೋಗಿ, ಸರಿ ಮಾಡಿ ಬನ್ನಿ."

ಎರಡು ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಟೀ ಅಂಗಡಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಟೀವಿ ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ನನಗೆ ಗೊತ್ತಿದ್ದದ್ದನ್ನೇ ನಾನು ಹೇಳಿರಲಿಲ್ಲ. ದಾನಕ್ಕೆ ಬರುವ ಹಳೇ ವಿಮಾನಗಳೆಲ್ಲ ಹಾರುವುದಕ್ಕೆ ಬರುವುದಿಲ್ಲ. ನಮ್ಮ ಶೆಡ್ಡಿನಲ್ಲೂ ಒಂದರ ಹೊಟ್ಟೆ ಬಗೆದೇ ಇನ್ನೊಂದನ್ನು ಓಡಿಸುತ್ತಿದ್ದದ್ದು. ಸಾಮಾನು ಕಳಚಿಸಿಕೊಂಡ ವಿಮಾನಗಳು ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿರುತ್ತಿದ್ದವು. ಆ ಹರಾಜಿನವನು ಅರ್ಧ ಸರಿಯಾಗಿಯೇ ಹೇಳಿದ್ದ. ಅವನ ಮೇಲಿನ ಹಟಕ್ಕೆ ನಾನು ಯಾರದೋ ಮಗಳನ್ನು ಒತ್ತೆ ಇಟ್ಟಿದ್ದೆ.

ಮೂರನೆಯ ದಿನ ಶ್ರೀನಿವಾಸಪುರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ರಾಯಲ್ಪಾಡಿಗೆ ಹೋದೆ. ಮಾವಿನ ತೋಪು ದಾಟಿ ಮನೆ. ಆತ ತೋಟಕ್ಕೆ ಹೋಗಿದ್ದ. ಜಗಲಿಯಲ್ಲಿ ದಪ್ಪ ಪುಸ್ತಕ ಹಿಡಿದು ಕೂತವಳೇ ಮಗಳೆಂದು ಕೇಳದೆಯೇ ತಿಳಿಯಿತು. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಬಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವಳು ಕೊನೆಯವರೆಗೂ ಕೇಳಿದಳು. "ಗೊತ್ತು ಅಂಕಲ್. ನಾನು ಅಲ್ಲಿದ್ದೋಳು. ಸೈರನ್ ಹೊಡ್ಕೊಂಡಾಗ ನಾವು ಮೇಲೆ ನೋಡ್ತಾ ನಿಲ್ಲಲ್ಲ, ನೆಲಮಾಳಿಗೆಗೆ ಓಡ್ತೀವಿ."

"ಮತ್ಯಾಕಮ್ಮ ಹೋಗ್ತೀಯ?"

"ಇದೊಂದು ವರ್ಷ ಬಿಟ್ರೆ ಓದಿದ್ದೆಲ್ಲ ದಂಡ. ಅಪ್ಪ ಬೇಡ ಅಂದಿದ್ರೂ ಹೋಗ್ತಿದ್ದೆ, ಅವರನ್ನ ಅಳಿಸಿ ಹೋಗ್ತಿದ್ದೆ. ನೀವು ಹೇಳಿದ್ಮೇಲೆ ಅವರು ಹೊಟ್ಟೆ ತುಂಬಾ ಊಟ ಮಾಡ್ತಿದಾರೆ. ಕೊಟ್ಟಿದ್ದನ್ನ ವಾಪಸ್ ತಗೋಬೇಡಿ ಅಂಕಲ್."

ಅಷ್ಟರಲ್ಲಿ ಆತ ಬಂದ. ನನ್ನನ್ನು ಕಂಡು ಆತನಿಗೆ ಸಂಭ್ರಮ. ಬೇಡವೆಂದರೂ ಊಟಕ್ಕೆ ಕೂರಿಸಿದ. ಆತನ ಹೆಂಡತಿ ಮುದ್ದೆ, ಬಸ್ಸಾರು ಬಡಿಸಿದಳು. ಎರಡು ತುತ್ತು ನುಂಗಿದ್ದೆನೋ ಇಲ್ಲವೋ, ಆತ ಕೇಳಿದ. "ಸಾರ್, ಒಂದೇ ಮಾತು. ನಿಮ್ ಮಗಳಾಗಿದ್ರೆ ಕಳಿಸ್ತಿದ್ರಾ?"

ಹುಡುಗಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕಳಿಸ್ತಿದ್ದೆ," ಅಂದೆ.

"ವಿನ್ನಾವಾ?" ಎಂದು ಆತ ಹೆಂಡತಿಯತ್ತ ತಿರುಗಿದ, ಕೇಳಿದೆಯಾ ಎಂದು ತೆಲುಗಿನಲ್ಲಿ. ಮುಖವೆಲ್ಲ ಅರಳಿತ್ತು.

ಆಯಮ್ಮ ಸೌಟು ಹಿಡಿದೇ ನಿಂತಿದ್ದಳು. "ನಿಮಗೆ ಹೆಣ್ಮಕ್ಕಳು ಎಷ್ಟು ಜನ ಸಾರ್?"

"ಇಲ್ಲಮ್ಮ. ಇಬ್ಬರೂ ಗಂಡುಮಕ್ಕಳು."

"ಹಂಗಾ," ಎಂದು ಸಾರು ಬಡಿಸಿ ಒಳಗೆ ಹೋದಳು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಆಯಮ್ಮ ಹಿಂದಿನಿಂದ ಬಂದಳು. ಡೈರಿಗೆ ಹಾಲು ಹಾಕುವ ಕ್ಯಾನು ಕೈಯಲ್ಲಿತ್ತು. ಸುತ್ತ ನೋಡಿ, "ನನಗಾದ್ರೂ ನಿಜ ಹೇಳಿ ಸಾರ್. ಆ ವಿಮಾನಗಳು ಹಾರ್ತಾವಾ?" ಎಂದಳು.

"ಕೆಲವು ಹಾರ್ತಾವೆ. ಕೆಲವನ್ನ ಬಿಚ್ಚಿ ಸಾಮಾನು ತಗೊಳ್ತಾರೆ. ಎಷ್ಟು ಅಂತ ನನಗೆ ಗೊತ್ತಿಲ್ಲಮ್ಮ. ಅವನ್ನ ನಾನು ಕಣ್ಣಲ್ಲೂ ನೋಡಿಲ್ಲ."

ಆಯಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವರಿಗೆ ಹೇಳ್ಬೇಡಿ. ನನಗೆ ಗೊತ್ತಿದ್ರೆ ಸಾಕು," ಎಂದು ನನ್ನ ಫೋನ್ ನಂಬರ್ ಕೇಳಿ ಪಡೆದು ಡೈರಿಯ ಕಡೆ ನಡೆದಳು.

ಹುಡುಗಿ ಹೋದಳು. ಟೀ ಅಂಗಡಿಯಲ್ಲಿ ಈಗ ನನ್ನ ಜಾಗದಲ್ಲಿ ಅವಳ ಅಪ್ಪ ಕೂತು, ನನ್ನದೇ ಮಾತಿನಲ್ಲಿ ಹರಾಜಿನವನ ಬಾಯಿ ಮುಚ್ಚಿಸುತ್ತಾನಂತೆ. ನಾನು ಅತ್ತ ತಲೆ ಹಾಕುವುದು ಬಿಟ್ಟೆ. ಬೆಳಿಗ್ಗೆ ಗಂಡ ತೋಟಕ್ಕೆ ಹೋದ ಮೇಲೆ ಆಯಮ್ಮ ಫೋನ್ ಮಾಡುತ್ತಿದ್ದಳು. ಆಯಮ್ಮನಿಗೆ ಓದಲು ಬಾರದು, ಟೀವಿಯವರ ಮಾತಿನ ವೇಗವೂ ಸಿಗದು. "ಇವತ್ತು ಯಾವ ಊರ ಮೇಲೆ ಬಿತ್ತು ಸಾರ್?" ಎಂದಷ್ಟೇ ಕೇಳುವಳು. ನಾನು ಊರಿನ ಹೆಸರು ಹೇಳಿ, "ನಿಮ್ಮ ಹುಡುಗಿ ಇರೋದಲ್ಲಮ್ಮ," ಅನ್ನುತ್ತಿದ್ದೆ. ಆಯಮ್ಮ ಹೂಂ ಎಂದು ಇಡುತ್ತಿದ್ದಳು. ಫೋನ್ ಬರುವುದರೊಳಗೆ ಮೂರು ಚಾನೆಲ್ ತಿರುಗಿಸಿ ನೋಡಿ ಸಿದ್ಧವಾಗಿರುವುದೇ ನನ್ನ ಕೆಲಸವಾಯಿತು.

ಒಂದು ಬೆಳಿಗ್ಗೆ ಟೀವಿಯಲ್ಲಿ ಆ ಹುಡುಗಿ ಇರುವ ಊರಿನ ಹೆಸರೇ ಬಂತು. ಕಿಟಕಿಗಳೆಲ್ಲ ಹಾರಿಹೋದ ಮನೆಗಳು, ಹೊಗೆ. ಅದೇ ಹೊತ್ತಿಗೆ ಫೋನ್ ಬಂತು.

"ಇವತ್ತು ಯಾವ ಊರು ಸಾರ್?"

ಬಾಯಿಗೆ ಬಂದ ಬೇರೆ ಯಾವುದೋ ಊರಿನ ಹೆಸರು ಹೇಳಿದೆ. "ನಿಮ್ಮ ಹುಡುಗಿ ಇರೋದಲ್ಲಮ್ಮ."

ಆಯಮ್ಮ ಎಂದಿನಂತೆ ಹೂಂ ಎಂದು ಇಡಲಿಲ್ಲ.

"ಅವಳು ಆಗ್ಲೇ ಫೋನ್ ಮಾಡಿದ್ಲು. ನೆಲಮಾಳಿಗೇಲಿ ಕೂತಿದಾಳಂತೆ, ಏನೂ ಆಗಿಲ್ಲ," ಅಂದಳು ಆಯಮ್ಮ. "ನನಗೂ ಸುಳ್ಳು ಶುರು ಮಾಡಿದ್ರಾ ಸಾರ್?"

ಅದಾದ ಮೇಲೆ ಆಯಮ್ಮ ಫೋನ್ ಮಾಡಿಲ್ಲ.