ಮಾವನವರ ಬಸ್ಸಿನ ಬೋಣಿ

ನಾನು ನನ್ನ ಮಾವನವರ ಮುಖ ಮೊದಲು ನೋಡಿದ್ದು ಮದುವೆಯ ಹಂದರದಲ್ಲಲ್ಲ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ. ಅಷ್ಟೊತ್ತಿಗೆ ಮದುವೆಯಾಗಿ ವರ್ಷ ದಾಟಿತ್ತು. ಮದುವೆಗೆ ಕರೆಯಲು ಹೋದ ಹಿರಿಯರಿಗೆ ಅವರು ‘ನನಗ ಮಗ ಅಂತ ಯಾರೂ ಇಲ್ಲ’ ಎಂದು ಹೇಳಿ ಕಳಿಸಿದ್ದರಂತೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ನಾನು ಹೊಸ್ತಿಲು ದಾಟಿದಾಗ ಆ ಮನೆಯಲ್ಲಿ ಹಿರಿಯರೆನ್ನುವವರೇ ಇರಲಿಲ್ಲ. ನನ್ನ ತವರು ಕುರುಗೋಡು. ಮಾವನವರ ಬಸ್ಸು ದಿನಾ ಅದೇ ಊರಿನ ಮೇಲೆ ಹಾಯುತ್ತಿತ್ತು, ಚಿಕ್ಕಂದಿನಿಂದ ಅದರ ಹಿಂದಿನ ಧೂಳನ್ನು ಕಂಡಿದ್ದೆನೇ ಹೊರತು ಮುಂದೆ ಕೂತವರನ್ನು ಕಂಡಿರಲಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕೂಡಿಸಿ, ಇದ್ದಿಲು ಸುರಿದು, ಅದರಿಂದ ಬರುವ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಕ್ಲೀನರು ನಸುಕಿನಲ್ಲೇ ಬಂದು ಪಂಖ ತಿರುವಿ ತಿರುವಿ ಕೆಂಡ ಎಬ್ಬಿಸಬೇಕು. ಸಮದಾರಿಯಲ್ಲಿ ಹೇಗೋ ಸಾಗುತ್ತಿತ್ತು. ಏರು ಬಂತೆಂದರೆ ಗಂಡಸರು ಇಳಿದು ನೂಕಬೇಕು, ಹೆಂಗಸರು ಇಳಿದು ಹಿಂದೆ ನಡೆಯಬೇಕು. ದುಡ್ಡು ಕೊಟ್ಟು ನಡೆಯುವ ಭಾಗ್ಯ ನಮ್ಮದಾಗಿತ್ತು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇಬ್ಬರು ಸಾಹುಕಾರರ ಬಸ್ಸುಗಳು ಓಡುತ್ತಿದ್ದವು, ಒಂದಕ್ಕೆ ಮಾವನವರು ಡ್ರೈವರು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಎರಡಕ್ಕೂ ಪಂದ್ಯ. ಪಂದ್ಯವೆಂದರೆ ಖಾಲಿ ಬಸ್ಸು ಓಡಿಸುವುದಲ್ಲ. ಜನರನ್ನು ತುಂಬಿಕೊಂಡೇ ಹೋಗಬೇಕು, ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು, ಇಳಿಯುವವರನ್ನು ಅವರವರ ಜಾಗದಲ್ಲಿ ಇಳಿಸಬೇಕು. ಯಾರನ್ನಾದರೂ ಬಿಟ್ಟು ಓಡಿದರೆ ಗೆದ್ದರೂ ಗೆದ್ದ ಹಾಗಲ್ಲ. ಮೊದಲು ಸಿರುಗುಪ್ಪ ಮುಟ್ಟಿದವನಿಗೆ ಪೇಟೆಯವರು ಬೆಳ್ಳಿ ಕಡಗ ತೊಡಿಸುತ್ತಿದ್ದರು. ಪಂದ್ಯ ಶುರುವಾದಾಗಿನಿಂದ ಆ ಕಡಗ ಮಾವನವರ ಕೈಬಿಟ್ಟು ಬೇರೆ ಕೈಗೆ ಹೋಗಿರಲಿಲ್ಲ.

ನಮ್ಮವರು ಅವರ ಬಸ್ಸಿನಲ್ಲೇ ಕ್ಲೀನರಾಗಿ ಬೆಳೆದವರು. ಒಂದು ಸಲ ಅಪ್ಪ ಊಟಕ್ಕೆ ಹೋದಾಗ ತಾವೇ ಬಸ್ಸು ಹೊರಡಿಸಿ ಹಳ್ಳದಲ್ಲಿ ಸಿಕ್ಕಿಸಿ ಅಕ್ಸಲು ಮುರಿದುಕೊಂಡರು. ಮಾವನವರು ಬ್ರೂಸ್‌ಪೇಟೆಯ ತುಂಬಿದ ಬಜಾರಿನಲ್ಲಿ ಮಗನನ್ನು ಚಪ್ಪಲಿಯಿಂದ ಹೊಡೆದರು. ಮಗ ಅಂದೇ ಎದುರಿನ ಸಾಹುಕಾರರ ಹತ್ತಿರ ಕೆಲಸಕ್ಕೆ ನಿಂತರು, ಅಪ್ಪ ಮನೆ ಬಿಟ್ಟು ಸಿರುಗುಪ್ಪದ ಬಸ್ ಶೆಡ್ಡಿನಲ್ಲಿ ಇರತೊಡಗಿದರು. ಹಠದಲ್ಲಿ ಒಬ್ಬರನ್ನು ಮುಚ್ಚಿಟ್ಟು ಇನ್ನೊಬ್ಬರನ್ನು ತೋರಿಸಬಹುದಿತ್ತು. ನಮ್ಮ ಮದುವೆಯಾದ ಮರುವರ್ಷ ನಮ್ಮವರ ಕೈಗೂ ಬಸ್ಸು ಬಂತು. ‘ಒಂದ್ಸಲ ಅವನ ಮುಂದ ಹೋಗಿ ನಿಂತ್ರ ಸಾಕು’ ಎನ್ನುತ್ತ ನಿದ್ದೆಯಲ್ಲೂ ಗೇರು ಬದಲಿಸುತ್ತಿದ್ದರು.

ನನಗೆ ಕಡಗವೂ ಬೇಡವಾಗಿತ್ತು, ಪಂದ್ಯವೂ ಬೇಡವಾಗಿತ್ತು. ನಾನಾಗ ಏಳು ತಿಂಗಳ ಬಸುರಿ. ಹುಟ್ಟುವ ಕೂಸಿಗೆ ಅಜ್ಜ ಬೇಕಿತ್ತು. ಕೂಸು ಬರುವುದರೊಳಗೆ ಇವರಿಬ್ಬರೂ ಮಾತಾಡದಿದ್ದರೆ ಇನ್ನು ಎಂದೂ ಮಾತಾಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಬಾಣಂತನಕ್ಕೆ ಕರೆದೊಯ್ಯಲು ನಮ್ಮವ್ವ ಬಂದಿದ್ದಳು. ಅವಳು ಪಂಚಾಂಗ ಕೇಳಿಕೊಂಡು ಬಂದ ಒಳ್ಳೆಯ ದಿನ ಪಂದ್ಯದ ದಿನವೇ ಆಗಿತ್ತು. ನಮ್ಮವರು, ‘ಇವತ್ತು ನನ್ನ ಬಸ್ಸು ಹತ್ತಬ್ಯಾಡ್ರಿ, ಹೊಟ್ಟಿ ಕುಲುಕತೈತಿ. ಕಮಾನು ಬಂಡಿ ಮಾಡಿಸೀನಿ, ಹೊತ್ತು ಏರಿದ ಮ್ಯಾಲ ಹೋಗ್ರಿ’ ಎಂದು ಹೇಳಿ ನಸುಕಿನಲ್ಲಿ ಹೋದರು. ಅವರು ಓಣಿ ತಿರುಗಿದ್ದೇ ತಡ, ನಾನು ಗಂಟು ಎತ್ತಿಕೊಂಡೆ. ಅವ್ವ ಬೈಯುತ್ತಲೇ ಹಿಂದೆ ಬಂದಳು.

ಮಾವನವರ ಬಸ್ಸು ಇನ್ನೂ ಖಾಲಿಯಿತ್ತು. ನಾನೇ ಮೊದಲು ಹತ್ತಿದೆ. ನಮ್ಮ ಕಡೆ ಅಂಗಡಿಗೆ ಹೇಗೋ ಬಸ್ಸಿಗೂ ಹಾಗೆ, ದಿನದ ಮೊದಲ ಗಿರಾಕಿ ಬೋಣಿ. ಬೋಣಿಯ ದುಡ್ಡನ್ನು ಡ್ರೈವರು ತಾನೇ ಕೈಚಾಚಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಬೋಣಿಯವರನ್ನು ಅವರ ಊರು ಮುಟ್ಟುವವರೆಗೆ ಕೆಳಗೆ ಇಳಿಸುತ್ತಿರಲಿಲ್ಲ, ಇಳಿಸಿದರೆ ಬಸ್ಸಿನ ಅದೃಷ್ಟವೂ ಇಳಿದು ಹೋಗುತ್ತದೆಂದು ನಂಬಿಕೆ. ಇದೆಲ್ಲ ಗೊತ್ತಿದ್ದೇ ನಾನು ಹತ್ತಿದ್ದು.

ಕೆಂಪು ರುಮಾಲಿನ, ಬಿಳಿ ಮೀಸೆಯ ಗಟ್ಟಿ ಆಳು ಬಂದು ಕೈಚಾಚಿದರು. ಮೂಗು ಥೇಟು ನಮ್ಮವರದೇ. ನಾನು ಸೆರಗು ಎಳೆದುಕೊಂಡೆ.

‘ಯಾವೂರಿಗವ್ವಾ?’

‘ಕುರುಗೋಡಿಗ್ರಿ. ತವರುಮನಿಗೆ.’

‘ಗಂಡ ಏನ್ ಮಾಡ್ತಾನ?’

‘ಮೋಟಾರು ನಡಸ್ತಾರ್ರಿ.’

‘ಈ ಊರಾಗ? ನನಗ ಗೊತ್ತಿಲ್ಲದ ಡ್ರೈವರ್ ಯಾರು? ಹೆಸರೇನು?’

ಗಂಡನ ಹೆಸರು ಹೇಳುವ ಕಾಲವಲ್ಲ ಅದು. ಎದುರು ನಿಂತ ಬಸ್ಸಿನ ಕಡೆಗೆ ಕೈ ತೋರಿಸಿದೆ. ನಮ್ಮವರು ಅಲ್ಲಿ ಬಗ್ಗಿ ಗಾಲಿ ಒದ್ದು ನೋಡುತ್ತಿದ್ದರು. ಮಾವನವರು ಆ ಕಡೆ ನೋಡಿದರು, ನನ್ನ ಹೊಟ್ಟೆ ನೋಡಿದರು. ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ತಮ್ಮ ಸೀಟಿನ ಕಡೆಗೆ ಹೋದರು. ಮರುಗಳಿಗೆ ತಮ್ಮ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತಂದು ಮುಂದಿನ ಸೀಟಿನ ಮೇಲೆ ಹಾಸಿ, ‘ಇಲ್ಲಿ ಕುಂದ್ರು’ ಎಂದರು. ನನಗೆ ಅಳು ಬಂತು. ಅದನ್ನು ತೋರಿಸದಿರಲು ಕೆಮ್ಮಿದೆ.

ಎರಡು ಬಸ್ಸೂ ಕೂಡಿಯೇ ಹೊರಟವು. ಊರು ದಾಟುವುದರೊಳಗೆ ನಮ್ಮವರ ಬಸ್ಸು ಮುಂದಾಯಿತು, ಜೋಳದ ಹೊಲಗಳ ಮೇಲೆ ಅದರ ಧೂಳಷ್ಟೇ ಉಳಿಯಿತು. ನಮ್ಮ ಬಸ್ಸು ಮಾತ್ರ ಹಾಲಿನ ಕೊಡ ಹೊತ್ತವರ ಹಾಗೆ ಹೋಗುತ್ತಿತ್ತು. ಮಾವನವರು ಒಂದೊಂದು ತಗ್ಗನ್ನೂ ಸುತ್ತಿ ಬಳಸಿ ದಾಟಿಸುತ್ತಿದ್ದರು. ಹಿಂದಿನಿಂದ ಜನ, ‘ಏನ್ರೀ ಇವತ್ತು, ಮೋಟಾರಿಗೆ ನೆಗಡಿ ಬಂದೈತೇನ್ರಿ?’ ಎಂದು ಕಿಚಾಯಿಸಿದರು. ಕ್ಲೀನರು ಅಳುವುದೊಂದು ಬಾಕಿ. ಹಳ್ಳ ಬಂದಾಗ ಬಸ್ಸು ನಿಲ್ಲಿಸಿ, ತಾವೇ ನೀರಿಗಿಳಿದು ಕಾಲಲ್ಲಿ ಕಲ್ಲು ತಡವಿ ನೋಡಿ ಬಂದು ಆಮೇಲೆ ದಾಟಿಸಿದರು. ಏರಿನಲ್ಲಿ ಎಲ್ಲರೂ ಇಳಿದರು. ನಮ್ಮವ್ವನೂ ಇಳಿದಳು. ನಾನು ಎದ್ದೆ.

‘ನೀ ಕುಂದ್ರು.’

‘ಭಾರ ಆಗ್ತೈತ್ರಿ. ಅವರು ಆಗ್ಲೇ ಭಾಳ ಮುಂದ ಹೋಗ್ಯಾರ.’

‘ಹೋಗಲಿ’ ಎಂದರು. ಸ್ವಲ್ಪ ತಡೆದು, ‘ಏರಿನಾಗ ಗ್ಯಾಸ್ ಭಾಳ ಬಿಡ್ತಾನಂತ, ಖರೇನ?’ ಎಂದು ಕೇಳಿದರು. ಮಗನ ಬಸ್ಸಿನ ಸುದ್ದಿಯನ್ನು ಯಾರ್ಯಾರ ಬಾಯಿಂದಲೋ ಕೇಳುತ್ತಲೇ ಇದ್ದರೆಂದು ಆಗ ತಿಳಿಯಿತು. ಸುಳ್ಳೇಕೆ, ನನಗೆ ಆ ಮುದುಕನ ಮೇಲೆ ಅಲ್ಲೇ ಮಮತೆ ಹುಟ್ಟಿತು.

ಕುರುಗೋಡಿನಲ್ಲಿ ಇಳಿದಾಗ ಕಾಲಿಗೆ ಬೀಳಹೋದೆ. ‘ಬಗ್ಗಬ್ಯಾಡ’ ಎಂದು ಗದರಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಸಿರುಗುಪ್ಪದಿಂದ ಮರಳುತ್ತ ನಮ್ಮವರು ಕಡಗ ತೊಟ್ಟುಕೊಂಡೇ ಬಸ್ಸು ನಿಲ್ಲಿಸಿದರು. ಮುಖ ದೀವಳಿಗೆಯಾಗಿತ್ತು. ಆ ಸಂತೋಷವನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ, ಆದರೆ ಹೇಳದಿದ್ದರೆ ನಾನು ಹತ್ತಿದ್ದೇ ದಂಡ. ಯಾವ ಬಸ್ಸಿನಲ್ಲಿ ಬಂದೆನೆಂದು ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಕಪ್ಪಿಟ್ಟಿತು. ನನ್ನನ್ನು ಬೈಯಲೂ ಇಲ್ಲ. ಕಡಗ ಕಿತ್ತು ಹಿಡಿದುಕೊಂಡು ಹೋಗಿ ದಾರಿಯ ನಡುವೆ ನಿಂತರು. ಅಪ್ಪನ ಬಸ್ಸು ಬಂದು ಅವರ ಮುಂದೆ ನಿಂತಿತು.

‘ತಗೋ ಇದನ್ನ. ನಿನ್ನ ಭಿಕ್ಷಾ ನನಗ ಬ್ಯಾಡ.’

ಎಷ್ಟೋ ವರ್ಷಗಳ ಮೇಲೆ ಅಪ್ಪನ ಜೊತೆ ಆಡಿದ ಮೊದಲ ಮಾತು ಅದು. ಮಾವನವರು ಸೀಟಿನಿಂದ ಏಳಲಿಲ್ಲ.

‘ಯಾರಲೇ ಭಿಕ್ಷಾ ಹಾಕಿದವರು? ಬೋಣಿ ಬಸುರಿ ಇದ್ಲು, ಸಾವಕಾಶ ನಡಸಿದೆ. ನಿನ್ನ ಬಸ್ಸಿಗೆ ಯಾರದರ ಮನಿ ಬಸುರಿ ಹತ್ತಿದ್ರ ನೀ ಹೆಂಗ ನಡಸ್ತಿದ್ದಿ?’

ನಮ್ಮವರು ಕೈಯಲ್ಲಿದ್ದ ಕಡಗವನ್ನು ತಿರುವತೊಡಗಿದರು.

‘ಬಾಯಿ ಬಿಡಲೇ.’

‘ಹಂಗ ನಡಸ್ತಿದ್ದೆ.’

‘ಮತ್ತ? ಕಡಗ ಹಾಕ್ಕೋ. ಜನಾ ನೋಡಾಕತ್ಯಾರ.’

ಚಪ್ಪಲಿ ಏಟು ತಿಂದ ದಿನವೂ ಜನ ನೋಡುತ್ತಿದ್ದರು. ಇಬ್ಬರಿಗೂ ಅದು ನೆನಪಾಗಿರಬೇಕು, ಇಬ್ಬರೂ ನೆಲ ನೋಡಿದರು. ಆಮೇಲೆ ನಮ್ಮವರು, ‘ನಾಳೆ ಬಳ್ಳಾರಿಯಿಂದ ಇಲ್ಲೀ ತನಕ ಮತ್ತೊಮ್ಮೆ ಓಡಸೋಣು. ಬಸುರ್‍ಯಾರನ್ನ ಹತ್ತಿಸ್ಕೋಬ್ಯಾಡ’ ಎಂದರು. ಮಾವನವರ ಮೀಸೆಯ ಕೆಳಗೆ ನಗು ಹಾಯ್ದುಹೋಯಿತು.

‘ಗೆದ್ದವರು ಸೋತವರು ಇಬ್ಬರೂ ನಮ್ಮ ಮನ್ಯಾಗ ರೊಟ್ಟಿ ತಿಂದು ಹೋಗಬೇಕ್ರಿ’ ಎಂದು ನಾನು ಸೆರಗಿನ ಮರೆಯಿಂದಲೇ ಹೇಳಿಬಿಟ್ಟೆ. ಮಾವನ ಎದುರು ಸೊಸೆ ಬಾಯಿ ಮಾಡಿದ್ದಕ್ಕೆ ಅವ್ವ ನನ್ನ ರಟ್ಟೆ ಚಿವುಟಿದಳು. ಮಾವನವರು ಮಾತ್ರ ಹೂಂ ಎಂದರು.

ಮರುದಿನ ನಾನೂ ಅವ್ವನೂ ರೊಟ್ಟಿ ಬಡಿದಿಟ್ಟು, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟು ಕಾದೆವು. ಗುಡ್ಡದ ಸಂದಿಯಿಂದ ಮೊದಲು ಬಂದದ್ದು ಮಾವನವರ ಬಸ್ಸು. ಬಂದವರು ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ಮಜ್ಜಿಗೆ ಕುಡಿದು ಮುಗಿಸಿದ ಮೇಲೆ ನಮ್ಮವರು ಬಂದರು. ಮೈಯೆಲ್ಲ ಇದ್ದಿಲ ಮಸಿ. ಸೋತು ಬಂದ ಗಂಡನನ್ನು ಕಂಡು ಅಷ್ಟು ಖುಷಿಪಟ್ಟ ಹೆಂಡತಿ ಬಳ್ಳಾರಿ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತರು. ‘ಏರು ಬರೋಕಿಂತ ಮೊದಲ ಗೇರು ಇಳಸಬೇಕು’ ಎಂದು ಅಪ್ಪ, ‘ನಿನ್ನ ಇದ್ದಿಲು ಒಣಗಿದ್ದು, ನಮ್ಮ ಸಾಹುಕಾರ ಹಸಿದು ಕೊಡ್ತಾನ’ ಎಂದು ಮಗ, ರೊಟ್ಟಿ ಮುಗಿದರೂ ಜಗಳ ಮುಗಿಯಲಿಲ್ಲ. ಹೊರಗೆ ಎರಡು ಬಸ್ಸಿನ ಜನ ಕಾದು ಕಾದು ಬೇಸತ್ತು ಹಾರನ್ನು ಒತ್ತತೊಡಗಿದರು.

ಏಳುವಾಗ ಮಾವನವರು ಕೈ ಒರೆಸಿಕೊಳ್ಳುತ್ತ, ‘ಮುಂದಿನ ಪಂದ್ಯ ಇನ್ನೊಂದೈತಿ. ಕೂಸಿನ ಸುದ್ದಿ ಬಳ್ಳಾರಿಗೆ ಯಾರ ಬಸ್ಸು ಮೊದಲು ಒಯ್ತೈತಿ ನೋಡೋಣು’ ಎಂದರು.

ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ನನಗೆ ಮಗಳು ಹುಟ್ಟಿದಳು. ಆ ಹೊತ್ತಿಗೆ ಕುರುಗೋಡಿನಿಂದ ಬಳ್ಳಾರಿಯ ಕಡೆಗೆ ಹೊರಟಿದ್ದದ್ದು ಮಾವನವರ ಬಸ್ಸು. ನಮ್ಮವರ ಬಸ್ಸು ಗಾಲಿ ಬಿಚ್ಚಿಸಿಕೊಂಡು ಬ್ರೂಸ್‌ಪೇಟೆಯಲ್ಲೇ ನಿಂತಿತ್ತಂತೆ. ಮಾವನವರು ದಾರಿಯುದ್ದಕ್ಕೂ ಹಾರನ್ನು ಒತ್ತುತ್ತಲೇ ಹೋಗಿ, ಬಸ್ಸು ನಿಲ್ಲಿಸಿ, ಆ ತುಂಬಿದ ಬಜಾರಿನಲ್ಲೇ ಗಾಲಿಯ ಪಕ್ಕ ಕೂತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟರು. ನಮ್ಮವರು ತಂದೆಯಾದ ಸುದ್ದಿಯನ್ನು ಮೊದಲು ಕೇಳಿದ್ದು ತಮ್ಮ ತಂದೆಯ ಬಾಯಿಂದ.