ಅಪ್ಪನ ಬೆನ್ನು, ಅಕ್ಕನ ಹಿಮ್ಮಡಿ

ನಾನು ಚಿಕ್ಕವನಿದ್ದಾಗ ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಮೊದಲು ಡಾಕ್ಟರನ್ನು ಕರೆಯುತ್ತಿರಲಿಲ್ಲ. ನನ್ನ ಅಕ್ಕನನ್ನು ಕರೆಯುತ್ತಿದ್ದರು. ಅಕ್ಕ ಬಂದು ಒದೆಯುತ್ತಿದ್ದಳು.

ನಗಬೇಡಿ. ಅಕ್ಕ ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಬೆನ್ನಿಗೆ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಬಿಜಾಪುರದ ಕಡೆ ಇತ್ತು, ಚಾಳಿನ ಮರಾಠಿಯವರಲ್ಲೂ ಇತ್ತು. ಒದೆ ಎಂದರೆ ಚೆಂಡನ್ನು ಒದ್ದ ಹಾಗಲ್ಲ. ನೋವಿದ್ದವರು ಗೋಡೆಗೆ ಕೈಯೂರಿ ಬಗ್ಗಿ ನಿಲ್ಲುತ್ತಿದ್ದರು. ಅಕ್ಕ ಕಾಲು ತೊಳೆದುಕೊಂಡು ಬಂದು ಹಿಮ್ಮಡಿಯಿಂದ ಹದವಾಗಿ ತಟ್ಟುತ್ತಿದ್ದಳು. ನೆಟ್ಟಗಾದವರು ತೆಂಗಿನಕಾಯಿಯನ್ನೋ ಒಂದಿಷ್ಟು ಚುರುಮುರಿಯನ್ನೋ ಕೊಟ್ಟು ಹೋಗುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಇದರ ಬಗ್ಗೆ ಬಹಳ ಹೆಮ್ಮೆ. ಗಿರಾಕಿ ಯಾರಾದರೂ ಸೊಂಟಕ್ಕೆ ಕೈಯಿಟ್ಟು ಮುಖ ಹಿಂಡಿದರೆ ಸಾಕು, "ನಮ್ಮ ಮನಿಗೆ ಬರ್ರಿ, ನಮ್ಮ ಹುಡುಗಿ ಒದೀತಾಳ" ಎಂದು ಮದುವೆಗೆ ಕರೆದಷ್ಟು ವಿನಯದಿಂದ ಕರೆಯುತ್ತಿದ್ದರು.

ಹಾಗಾದರೆ ಡಾಕ್ಟರ ಬಳಿ ಯಾರೂ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದರು, ಹೆಸರು ತರುವುದಕ್ಕೆ. ಕೆಳಗಿನ ಟೇಲರ್ ಕಾಕಾ ಕತ್ತು ನೋವೆಂದು ಹೋಗಿ ಸ್ಪಾಂಡಿಲೈಟಿಸ್ ತಂದರು. ಅದು ಕತ್ತಿನ ಮೂಳೆಗಳ ತೊಂದರೆ. ಜೊತೆಗೆ ಕತ್ತಿಗೆ ಒಂದು ಬಿಳಿ ಪಟ್ಟಿಯೂ ಬಂತು. ಅದನ್ನು ಕಟ್ಟಿಕೊಂಡ ಮೇಲೆ ಅವರು ನಮ್ಮ ಕಡೆ ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ದೊಡ್ಡ ಸಾಹೇಬರ ಹಾಗೆ ಕಾಣುತ್ತಿದ್ದರು. ಪಕ್ಕದ ಖೋಲಿಯ ಮರಾಠಿ ಮಾವಶಿಗೆ ಸೊಂಟದಿಂದ ಕಾಲಿನವರೆಗೆ ಇಳಿಯುವ ನೋವು. ಅದರ ಹೆಸರು ಸಯಾಟಿಕಾ. ಮಗಳಿಗೆ ಇಟ್ಟ ಹೆಸರಿನಂತೆ ಅದನ್ನು ಅವರು ಮುದ್ದಾಗಿ ಉಚ್ಚರಿಸುತ್ತಿದ್ದರು. ಜೋಳದ ರೊಟ್ಟಿ ಬಡಿದೂ ಬಡಿದೂ ಅವ್ವನ ಮೊಣಕೈಗೆ ಬಂದದ್ದು ಟೆನಿಸ್ ಎಲ್ಬೋ ಎಂದು ಡಾಕ್ಟರು ಹೇಳಿದಾಗ ಮಾತ್ರ ಅವ್ವ ಗಾಬರಿಯಾದಳು. "ಯಾರ ಮುಂದೂ ಹೇಳಬ್ಯಾಡ್ರಿ" ಎಂದು ನಮ್ಮಿಂದ ಆಣೆ ಹಾಕಿಸಿಕೊಂಡಳು. ಮನೆಗೆಲಸ ಬಿಟ್ಟು ಎಲ್ಲೋ ಆಡಲು ಹೋಗುತ್ತಾಳೆಂದು ಮಂದಿ ತಿಳಿದುಕೊಂಡರೆ?

ಒಮ್ಮೆ ಅಕ್ಕ ಮಾವಶಿಯ ಜೊತೆಗೆ ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿನ ಫಿಸಿಯೋಥೆರಪಿ ವಿಭಾಗದಲ್ಲಿ ಚಾವಣಿಯಿಂದ ಹಗ್ಗ, ರಾಟೆಗಳು ತೂಗುತ್ತಿದ್ದವಂತೆ. ಗೋಡೆಗೆ ಕೈಯಿಂದ ತಿರುಗಿಸುವ ದೊಡ್ಡ ಚಕ್ರವಿತ್ತಂತೆ. ಬಿಳಿ ಕೋಟಿನ ಹುಡುಗಿಯೊಬ್ಬಳು, ಲಕ್ವ ಹೊಡೆದು ಕಾಲು ಬಿದ್ದುಹೋದ ಮುದುಕರೊಬ್ಬರನ್ನು ಬೈದು, ನಗಿಸಿ, ನಡೆಸುತ್ತಿದ್ದಳಂತೆ. ಆ ದಿನ ಮನೆಗೆ ಬಂದ ಅಕ್ಕ ಬೇರೆಯೇ ಆಗಿದ್ದಳು. ಫುಟ್‌ಪಾತಿನಲ್ಲಿ ಒಂದು ಹಳೆಯ ಪುಸ್ತಕ ಕೊಂಡು ತಂದಳು. ಪಾತ್ರೆ ತಿಕ್ಕುವಾಗಲೂ ಆರ್ಥ್ರೈಟಿಸ್, ಬರ್ಸೈಟಿಸ್ ಎಂದು ಗುನುಗುತ್ತಿದ್ದಳು. ಮೊದಲನೆಯದು ಕೀಲು ಊದುವುದು, ಎರಡನೆಯದು ಕೀಲಿನ ಪಕ್ಕದ ಮೆತ್ತನೆಯ ಚೀಲ ಊದುವುದು ಎಂದು ನನಗೂ ಬಾಯಿಪಾಠ ಮಾಡಿಸಿದ್ದಳು. ಕೊನೆಗೆ ಅದೇ ಆಸ್ಪತ್ರೆಯ ಫಿಸಿಯೋಥೆರಪಿ ಕೋರ್ಸಿಗೆ ಅರ್ಜಿ ಹಾಕಿದಳು, ಇಂಟರ್‌ವ್ಯೂಗೆ ಕರೆಯೂ ಬಂತು. ತಂದೆಯನ್ನು ಕರೆದುಕೊಂಡು ಬರಬೇಕು ಎಂದಿದ್ದರು.

ಅಪ್ಪ ಒಪ್ಪಲಿಲ್ಲ.

"ಮಂದಿ ಕೈಕಾಲು ಒತ್ತೋ ಕೆಲಸ ನಮ್ಮ ಮನಿತನದಾಗ ಯಾರೂ ಮಾಡಿಲ್ಲ."

"ಮಂದಿ ಬೆನ್ನಿಗೆ ಒದಿಯೋದು ಮಾಡ್ಯಾರೇನು?" ಎಂದಳು ಅಕ್ಕ.

"ಅದು ದೈವ ಕೊಟ್ಟಿದ್ದು. ಇದು ಪಗಾರದ್ದು."

ಇಂಟರ್‌ವ್ಯೂ ದಿನ ಬೆಳಿಗ್ಗೆ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಸುಮ್ಮನೆ ಗೋಡೆಗೊರಗಿ ನಿಂತಿದ್ದಳು. ಅಪ್ಪ ಅವಳ ಕಡೆ ನೋಡದೆ ಅಂಗಡಿಗೆ ಹೊರಡುವ ತಯಾರಿ ನಡೆಸಿದ್ದರು. ಆಗ ಅದು ನಡೆಯಿತು. ಹೇಗೆ ನಡೆಯಿತು ಎಂದರೆ ನಮ್ಮ ಮನೆಯಲ್ಲಿ ಇಂದಿಗೂ ಜಗಳ. ಕೆಳಗೆ ಬಿದ್ದ ಅಂಗಿಯ ಗುಂಡಿ ಹೆಕ್ಕಲು ಅಪ್ಪ ಬಗ್ಗಿದರು ಎಂದು ಅಕ್ಕ ಹೇಳುತ್ತಾಳೆ. ಬರೀ ಸೀನಿದರು ಎಂದು ಅವ್ವ ಹೇಳುತ್ತಿದ್ದಳು. ನನ್ನ ಪ್ರಕಾರ ಅವರು ನೀರಿನ ಬಕೆಟ್ ಎತ್ತಿದರು, ಏಕೆಂದರೆ ನನ್ನ ಕಾಲಿನ ಮೇಲೆ ತಣ್ಣಗೆ ನೀರು ಬಿದ್ದದ್ದು ನೆನಪಿದೆ. ಆದರೆ ನಮ್ಮ ಖೋಲಿಯಲ್ಲಿ ದಿನಾ ನೀರು ಚೆಲ್ಲುತ್ತಿತ್ತು. ಬೇರೆ ಯಾವುದೋ ದಿನದ ನೀರು ಆ ದಿನಕ್ಕೆ ಹರಿದು ಬಂದಿದ್ದರೂ ಬಂದಿರಬಹುದು. ಇರಲಿ, ಬಗ್ಗಿದ ಅಪ್ಪ ಮೇಲೇಳಲಿಲ್ಲ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ.

"ಯಪ್ಪಾ! ಟೊಂಕ ಹಿಡ್ಕೊಂತು!"

ಆ ಕೂಗು ಕೇಳಿ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಚಪ್ಪಲಿಗಳ ಸದ್ದಾಯಿತು. ಕ್ಷಣದಲ್ಲಿ ಬಾಗಿಲ ತುಂಬ ಮಂದಿ. ಅವ್ವ ಸೀಮೆಎಣ್ಣೆ ಸ್ಟೋವಿನ ಮೇಲೆ ಉಪ್ಪು ಹುರಿಯತೊಡಗಿದಳು. ಯಾರೋ ಮುಲಾಮಿನ ಡಬ್ಬಿ ತೆರೆದರು. ಬಿಸಿ ಉಪ್ಪು, ಮುಲಾಮು, ಸೀಮೆಎಣ್ಣೆಯ ವಾಸನೆ ಸೇರಿ ಕಣ್ಣು ಉರಿಯುತ್ತಿತ್ತು. ಎಲ್ಲರಿಗಿಂತ ಮುಂದೆ ಬಂದಿದ್ದ ಮಾವಶಿ ಅಕ್ಕನ ಬೆನ್ನು ತಟ್ಟಿ, "ಅಗ ಬಾಯಿ, ಬಘತೇಸ್ ಕಾಯ್? ಒದಿ ನಾ!" ಎಂದರು. ನೋಡುತ್ತ ನಿಂತಿದ್ದೀಯೇನು, ಒದಿ ಎಂದು. ನಮ್ಮೊಡನಿದ್ದು ಅವರ ಬಾಯಲ್ಲಿ 'ಒದಿ' ಎನ್ನುವಷ್ಟು ಕನ್ನಡ ಬರುತ್ತಿತ್ತು.

ಮಗಳು ಅಪ್ಪನನ್ನು ಒದೆಯುವುದೇ? ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಂದಿ ನಾವು.

"ಬ್ಯಾಡ, ಪಾಪ ಬರ್ತದ" ಎಂದಳು ಅವ್ವ.

"ನಡುವೆ ಗೋಣಿಚೀಲ ಇಟ್ರ ಬರಂಗಿಲ್ಲ" ಎಂದರು ಟೇಲರ್ ಕಾಕಾ, ಇಡೀ ಮೈ ತಿರುಗಿಸಿ.

ಗೋಣಿಚೀಲಕ್ಕಿಂತ ಚಾದರ ವಾಸಿ ಎಂದು ಮಾವಶಿ ದಾರಿ ಹುಡುಕಿದರು. ತಲೆಯಿಂದ ಕಾಲಿನವರೆಗೆ ಹೊದಿಸಿಬಿಟ್ಟರೆ ಒಳಗಿರುವುದು ಯಾರ ಬೆನ್ನು ಎಂದು ಯಾರಿಗೆ ಗೊತ್ತು? ಇದಕ್ಕೆ ಎಲ್ಲರೂ ತಲೆದೂಗಿದರು. ಅಪ್ಪನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಹೂವಿನ ಚಾದರ ಹೊದಿಸಿದರು. ಈಗ ನೆಲದ ಮೇಲೆ ಇದ್ದದ್ದು ನರಳುವ ಒಂದು ಗುಡ್ಡ ಮಾತ್ರ.

ಅಕ್ಕ ಮಾತ್ರ ಒದೆಯಲಿಲ್ಲ. ಚಾದರದ ಪಕ್ಕ ಮಂಡಿಯೂರಿ ಕುಳಿತು ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿದಳು.

"ನೋವು ಕಾಲಿಗೆ ಇಳೀತದೇನು?"

"ಇಲ್ಲ" ಎಂದಿತು ಚಾದರ.

"ಕಾಲು ಜುಮ್ ಅಂತದೇನು?"

"ಇಲ್ಲವ್ವಾ. ಲಗೂ ಒದಿ."

"ಹಂಗಾರ ಸಯಾಟಿಕಾ ಅಲ್ಲ" ಎಂದು ಅಕ್ಕ ಬಾಗಿಲಿನವರಿಗೆ ಹೇಳಿದಳು. ಮಾವಶಿಯ ಮುಖದಲ್ಲಿ ಸಮಾಧಾನ ಮೂಡಿತು. ತಮ್ಮದನ್ನು ಇನ್ನೊಬ್ಬರು ಹಂಚಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. "ಇದು ಲಂಬೇಗೋ. ಸೊಂಟದ ಸ್ನಾಯು ಬಿಗಿದು ಗಂಟು ಹಾಕ್ಕೊಂಡಂಗ ಆಗ್ಯದ. ಒದ್ದರ ಇನ್ನೂ ಬಿಗೀತದ. ಶಾಖ ಕೊಟ್ಟು ಸಾವಕಾಶ ಬಿಡಿಸಬೇಕು."

ಚಾದರ ಸ್ವಲ್ಪ ಹೊತ್ತು ಯೋಚಿಸಿತು. "ಲಂಬೇಗೋ" ಎಂದು ಮೆಲ್ಲಗೆ ಹೇಳಿಕೊಂಡಿತು. ಹೆಸರು ಒಳಗಿನವರಿಗೆ ಹಿಡಿಸಿದಂತಿತ್ತು. ಆದರೆ ನೋವು ಮತ್ತೆ ಚುಚ್ಚಿರಬೇಕು, ಅಪ್ಪ ಚಾಳೆಲ್ಲ ಕೇಳುವಂತೆ ಕೂಗಿದರು: "ಇಡೀ ಊರಿಗೆ ಒದಿತಿ, ನನಗೊಬ್ಬಗ ಯಾಕ ಒದಿಯಂಗಿಲ್ಲ? ಒದಿಯವ್ವಾ! ನಾ ನಿಮ್ಮಪ್ಪ ಅಲ್ಲ!"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಅವಳ ದನಿ ಸಣ್ಣಗಾಗಿತ್ತು.

"ನೀವು ನಮ್ಮಪ್ಪ ಅಲ್ಲ ಅಂದ್ರ, ನನ್ನ ಜೋಡಿ ಇಂಟರ್‌ವ್ಯೂಕ್ಕ ಬರೋರು ಯಾರು?"

ಅವ್ವ ಉಪ್ಪು ಕೆದಕುವುದನ್ನೇ ಮರೆತಳು. ಅಷ್ಟು ಮಂದಿ ಕತ್ತು ಚಾಚಿ ಆ ಹೂವಿನ ಗುಡ್ಡವನ್ನೇ ನೋಡುತ್ತಿದ್ದರು.

"ಎದ್ದ ಕೂಡಲೇ" ಎಂದಿತು ಚಾದರ, "ಮತ್ತ ನಿಮ್ಮಪ್ಪ ಆಗ್ತೀನಿ. ಬರ್ತೀನಿ. ಈಗರೆ ಒದಿ."

ಅಕ್ಕ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಳು, ಅಂಗೈಯಿಂದ ಒತ್ತಿ ನೀವಿದಳು. ಮಂದಿಯ ಸಮಾಧಾನಕ್ಕೆಂದು ಕೊನೆಗೆ ಕಾಲು ತೊಳೆದು ಬಂದು, ಹಿಮ್ಮಡಿಯನ್ನು ಚಾದರಕ್ಕೆ ಹೂವಿನಂತೆ ಸೋಕಿಸಿದಳು. ಕೂಡಲೇ ಬಗ್ಗಿ ಚಾದರಕ್ಕೆ ನಮಸ್ಕಾರ ಮಾಡಿದಳು. "ಹೋತು! ಹೋತು!" ಎಂದರು ಅಪ್ಪ. ಪೂರ್ತಿ ಹೋಗಿರಲಿಲ್ಲ. ಎದ್ದು ನಿಂತಾಗ ಅವರು ಅರ್ಧ ಮಡಚಿ ಬಿಟ್ಟ ಚಾಕುವಿನಂತೆ ನಡುವಿನಲ್ಲಿ ಬಾಗಿದ್ದರು. ಹಾಗೇ ಟೋಪಿ ಇಟ್ಟುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ಬಸ್ಸಿನಲ್ಲಿ ಎಲ್ಲರೂ ಎದ್ದು ಜಾಗ ಬಿಟ್ಟರು, ಅಪ್ಪನಿಗೆ ಕೂರಲು ಬರಲಿಲ್ಲ. ಕಂಡಕ್ಟರನ ಚಪ್ಪಲಿಗೆ ನಮಸ್ಕಾರ ಹೇಳುತ್ತ ಆಸ್ಪತ್ರೆ ತಲುಪಿದರು.

ನಾನು ಅಲ್ಲಿಗೆ ಹೋಗಲೇ ಇಲ್ಲ, ನನಗೆ ಶಾಲೆ ಇತ್ತು ಎನ್ನುತ್ತಾಳೆ ಅಕ್ಕ. ಆದರೆ ಆ ಕೋಣೆಯ ಹಸಿರು ಪರದೆ ನನಗೆ ಕಾಣುತ್ತದೆ, ಫಿನೈಲಿನ ವಾಸನೆ ಬರುತ್ತದೆ. ಕೇಳಿ ಕೇಳಿಯೇ ಇಷ್ಟೆಲ್ಲ ಕಂಡಿದ್ದರೆ ಅದೂ ಒಂದು ರೀತಿ ಹೋದಂತೆಯೇ. ಮೇಜಿನ ಹಿಂದೆ ಕನ್ನಡಕದ ಡಾಕ್ಟರಮ್ಮ ಕುಳಿತಿದ್ದರು. ಅಕ್ಕನಿಗಿಂತ ಮೊದಲು ಅವರು ನೋಡಿದ್ದು ಅಪ್ಪನ ಟೋಪಿಯ ನೆತ್ತಿಯನ್ನು.

ಇವರಿಗೇನಾಗಿದೆ ಎಂದು ಹಿಂದಿಯಲ್ಲಿ ಕೇಳಿದರು. ಲಂಬೇಗೋ, ಬೆಳಿಗ್ಗೆ ಶುರುವಾದದ್ದು, ಕಾಲಿಗೆ ಇಳಿದಿಲ್ಲ, ಆದ್ದರಿಂದ ಸಯಾಟಿಕಾ ಅಲ್ಲ ಎಂದು ಅಕ್ಕ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಏನು ಉಪಚಾರ ಮಾಡಿದೆ ಎಂದರು. ಶಾಖ, ನೀವುವುದು ಎಂದು ಹೇಳಿ ಅಕ್ಕ ನಿಲ್ಲಿಸಿದಳು. ಅಲ್ಲಿಗೇ ನಿಲ್ಲಿಸಬೇಕೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದಳು.

ಆದರೆ ನೆಲ ನೋಡುತ್ತಿದ್ದ ಅಪ್ಪನಿಗೆ ಮಗಳ ಕೀರ್ತಿಗೆ ಕೊರತೆಯಾಯಿತು ಅನ್ನಿಸಿರಬೇಕು. ತಮ್ಮ ಹರಕು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದರು: "ಲಾಥ್ ಮಾರೀ, ಡಾಕ್ಟರ್ ಸಾಬ್. ಬಹುತ್ ಅಚ್ಛೀ ಲಾಥ್ ಮಾರೀ."

ಒದ್ದಳು, ಬಹಳ ಚೆನ್ನಾಗಿ ಒದ್ದಳು ಎಂದು. ಅಕ್ಕ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಯಾವ ಕಾಲಿನಿಂದ?" ಎಂದು ಗಂಭೀರವಾಗಿ ಕೇಳಿದರು.

ಅಕ್ಕನಿಗೆ ಸೀಟು ಸಿಕ್ಕಿತು. ಹಾಗೆ ನೋಡಿದರೆ ಅವಳ ಮಾರ್ಕ್ಸೂ ಚೆನ್ನಾಗಿತ್ತು. ಆದರೆ ಅಪ್ಪ ಸಾಯುವವರೆಗೂ ಅದು ತಮ್ಮ ಬೆನ್ನಿನಿಂದಲೇ ಸಿಕ್ಕಿದ್ದು ಎಂದು ಹೇಳಿಕೊಂಡು ತಿರುಗಿದರು. ಮನೆತನದ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಹೇಗೆ ಬಂದೀತು? ಆ ಸಂಜೆಯೇ ಮಾವಶಿ ಅವರನ್ನು ಮೆಟ್ಟಿಲಲ್ಲೇ ಹಿಡಿದು ಕೊಟ್ಟ ಮಾತು ನಡೆಸಿದಿರೋ ಇಲ್ಲವೋ ಎಂದು ವಿಚಾರಿಸಿಕೊಂಡಿದ್ದರು. ಚಾಳಿಗೆ ಚಾಳೇ ಸಾಕ್ಷಿ ಇತ್ತು.

ಮಕ್ಕಳೇ, ನಿಮ್ಮದು ಬೇರೆ ಕಾಲ. ಕಾಂದಿವಲಿಯ ಈ ಹತ್ತೊಂಬತ್ತನೇ ಮಹಡಿಯಲ್ಲಿ ಫೋನಿಗೆ ಕತ್ತು ಬಗ್ಗಿಸಿ ನಿಮಗೆ ನೋವು ಬರುತ್ತದೆ, ಅದರ ಹೆಸರನ್ನೂ ಅದೇ ಫೋನು ಹೇಳುತ್ತದೆ. ಪರದೆಯ ಮೇಲೆ ಒಬ್ಬಳು ಬಂದು ಕೈ ಎತ್ತು, ಇಳಿಸು ಎನ್ನುತ್ತಾಳೆ. ನೀವು ಎತ್ತುತ್ತೀರಿ, ಇಳಿಸುತ್ತೀರಿ, ನೋವು ಹೋಗುತ್ತದೆ. ಯಾರೂ ಉಪ್ಪು ಹುರಿಯಬೇಕಿಲ್ಲ, ಪಾಪದ ಲೆಕ್ಕ ಹಾಕಬೇಕಿಲ್ಲ. ಇದೇ ಒಳ್ಳೆಯದು, ನಾನೇನು ಆ ಸೀಮೆಎಣ್ಣೆಯ ಹೊಗೆಗಾಗಿ ಅಳುತ್ತಿಲ್ಲ. ಆದರೆ ನಿಮ್ಮ ಮನೆಯ ಬಾಗಿಲು ಬಹಳ ದಪ್ಪ. ಒಳಗೆ ಯಾರು ಏನು ಒಪ್ಪಿಕೊಂಡರೆಂದು ಪಕ್ಕದ ಮನೆಗೆ ಕೇಳುವುದಿಲ್ಲ. ಅದಕ್ಕೇ ಹೇಳುತ್ತೇನೆ: ನಿಮ್ಮ ಅಪ್ಪನಿಂದ ಏನಾದರೂ ದೊಡ್ಡ ಮಾತು ತೆಗೆದುಕೊಳ್ಳುವುದಿದ್ದರೆ, ಮೊದಲು ಹೋಗಿ ಆ ಬಾಗಿಲು ತೆರೆದು ಬನ್ನಿ.