ರೇಡಿಯೋದಲ್ಲಿ ಬರಬೇಕಾಗಿದ್ದ ಹೆಸರು

ಬುಪ್ಯೊಂಗ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಾಂಗ್‌ಹ್ವಾ ಅಜ್ಜಿಯ ಸಾರಿನಂಗಡಿ ಇತ್ತು. ಅಜ್ಜಿಯ ತವರು ಕಾಂಗ್‌ಹ್ವಾ ದ್ವೀಪವಾದ್ದರಿಂದ ಅಂಗಡಿಗೂ ‘ಕಾಂಗ್‌ಹ್ವಾ ಮನೆ’ ಎಂದೇ ಬೋರ್ಡು. ಅವಳ ಸ್ವಂತ ಹೆಸರು ಏನೆಂದು ಓಣಿಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹಂದಿ ಎಲುಬನ್ನು ಬೆಳಗಿನಿಂದ ಕುದಿಸಿ, ಬೆಳ್ಳಗಾದ ಸಾರಿಗೆ ಅನ್ನ ಸುರಿದು, ಮೇಲೊಂದು ಹಿಡಿ ಈರುಳ್ಳಿ ಎಲೆ ಉದುರಿಸಿ ಕೊಡುವುದು ಅವಳ ಕಸುಬು. ಆ ಅಂಗಡಿಯ ನೆಲಮಾಳಿಗೆಯಲ್ಲಿ, ಉಪ್ಪಿನ ಚೀಲ ಮತ್ತು ಖಾರ ಬೆರೆಸಿ ಹುಳಿ ಬರಿಸಿದ ಮೂಲಂಗಿ ಕಿಮ್ಚಿಯ ಜಾಡಿಗಳ ನಡುವೆ, ಒಂದು ರಾಕ್ ತಂಡ ಹನ್ನೆರಡು ವರ್ಷದಿಂದ ಹೇಗೋ ಉಸಿರು ಹಿಡಿದುಕೊಂಡಿತ್ತು. ತಂಡದ ಹೆಸರು ಏಣಿಗಾಡಿ.

ಹಾಡುಗಾರ ಪ್ಯೋ ದೊಕ್ಸುವಿನ ಹೊಟ್ಟೆಪಾಡೇ ಆ ಹೆಸರಿಗೆ ಕಾರಣ. ಮನೆ ಬದಲಿಸುವವರ ಮಂಚ, ಬೀರು, ಪಿಯಾನೋಗಳನ್ನು ಉದ್ದನೆಯ ಏಣಿ ಚಾಚಿ ಮೇಲಿನ ಮಹಡಿಯ ಕಿಟಕಿಗೆ ಏರಿಸುವ ಗಾಡಿ ಅವನದು. ಹಗಲೆಲ್ಲ ಊರವರ ಸಂಸಾರವನ್ನು ಗಾಳಿಯಲ್ಲಿ ತೂಗಾಡಿಸಿ, ಸಂಜೆ ನೆಲಮಾಳಿಗೆಗೆ ಇಳಿದು ಗಿಟಾರು ಹಿಡಿದರೆ ಅವನ ಭುಜದ ನೋವು ಅಲ್ಲಿಗೆ ಮರೆತುಹೋಗುತ್ತಿತ್ತು. ಡ್ರಮ್ಸ್ ಬಾರಿಸುವವಳು ಯೊಂಗ್ರಾನ್, ಶಾಲೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಅನ್ನ ತಿರುವಿ ರಟ್ಟೆ ಗಟ್ಟಿಯಾದ ಹೆಂಗಸು. ಬೇಸ್ ಗಿಟಾರು ಸಾಂಗ್ಚೊಲ್‌ನದು. ಬಾರಿಸುವಾಗ ತಾಳ ಜಾರಿದರೆ ಅಜ್ಜಿ ಮೇಲಿನಿಂದ ನೆಲ ಒರೆಸುವ ಕೋಲಿನಲ್ಲಿ ಕುಟ್ಟುತ್ತಿದ್ದಳು.

“ಲೋ ಹಾಳಾದೋರಾ, ನನ್ ಸಾರು ಒಡೆದೋಗ್ತದೆ! ಮೊದ್ಲಿಂದ ಬಾರ್ಸಿ!”

ಅಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಹೊಗಳಿದವಳಲ್ಲ. ಹೊರಹಾಕಿದವಳೂ ಅಲ್ಲ.

ದೊಕ್ಸುವಿಗೆ ನಲವತ್ತೊಂದು ತುಂಬಿದ ವರ್ಷ ಏಣಿಗಾಡಿಯ ಮೊದಲ ಆಲ್ಬಂ ಹೊರಬಂತು. ಸಿ.ಡಿ. ತುಂಬಿದ ಪೆಟ್ಟಿಗೆಗಳು ಅವನ ಒಂಟಿ ಕೋಣೆಯನ್ನೆಲ್ಲ ಆಕ್ರಮಿಸಿ, ಅವನು ಅವುಗಳ ಸಂದಿಯಲ್ಲಿ ಕಾಲು ಮಡಚಿ ಮಲಗುವಂತಾಯಿತು. ಹಾಡು ಕಟ್ಟುವಾಗ ಇಲ್ಲದ ಪಾಡು ಈಗ ಶುರುವಾಯಿತು. ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದ. ಕೆರೆಗೆ ಕಲ್ಲು ಹಾಕಿದರೂ ಒಂದು ಸದ್ದು ಬರುತ್ತದೆ, ಅಲ್ಲಿಂದ ಅದೂ ಬರಲಿಲ್ಲ. ಹರೆಯದವರು ಹಾಡು ಕೇಳಲು ಸೇರುವ ಹೊಂಗ್‌ಡೇ ರೈಲು ನಿಲ್ದಾಣದ ಬಾಯಲ್ಲಿ ನಿಂತು ಕರಪತ್ರ ಹಂಚಿದ. ಹುಡುಗ ಹುಡುಗಿಯರು ತಲೆಬಾಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಲೆ ತಿರುಗಿದೊಡನೆ ಕಸದ ಬುಟ್ಟಿಗೆ ಹಾಕಿದರು. ಕೈಬರಹದ ತನ್ನ ಹೆಸರು ಎದ್ದು ಕಾಣುವ ಹಾಳೆಗಳನ್ನು ಅವನೇ ಬುಟ್ಟಿಯಿಂದ ಎತ್ತಿ, ಒರೆಸಿ, ಮತ್ತೆ ಹಂಚಿದ. ಬಿಡುಗಡೆಯ ಕಾರ್ಯಕ್ರಮಕ್ಕೆ ಬಂದವರು ಓಣಿಯವರೇ. ಮೀನು ಅರೆದು ಕರಿದ ವಡೆ ಮಾರುವ, ಓಣಿಯವರೆಲ್ಲ ಕುಕ್ ಸೋದರಿ ಎಂದು ಕರೆಯುವ ಹೆಂಗಸು ಸಭಿಕರ ಮಧ್ಯೆ ಕೂತು ಜೋರಾಗಿ ಚಪ್ಪಾಳೆ ತಟ್ಟಿದಷ್ಟೂ ಖಾಲಿ ಕುರ್ಚಿಗಳು ಇನ್ನಷ್ಟು ಖಾಲಿಯಾಗಿ ಕಂಡವು.

ಆ ವಾರವೇ ಸಾಂಗ್ಚೊಲ್ ಗಿಟಾರನ್ನು ಚೀಲಕ್ಕೆ ಹಾಕಿದ.

“ದೊಕ್ಸು ಅಣ್ಣ, ದೇಜೊನ್ ಊರಲ್ಲಿ ಭಾವಂದು ಟೈರ್ ಅಂಗಡಿ ಐತೆ. ಹೋಗ್ತೀನಿ.”

“ಆಲ್ಬಂ ಬಂದು ಹದಿನೈದು ದಿನ ಆಗಿಲ್ಲ ಕಣೋ.”

“ಅದಕ್ಕೇ ಅಣ್ಣ. ಬರೋಕ್ ಮುಂಚೆ ಆದ್ರೆ ಹೆಂಡ್ತಿಗೆ ‘ಆಲ್ಬಂ ಬರ್ಲಿ ತಡಿ’ ಅಂತಿದ್ದೆ. ಈಗ ಏನಂತ ಹೇಳ್ಲಿ?”

ದೊಕ್ಸು ಬಗ್ಗಿ ಗಿಟಾರಿನ ಚೀಲದ ಜಿಪ್ಪು ಎಳೆದುಕೊಟ್ಟ. ಅವನೂ ತನಗೆ ತಾನೇ ಅದನ್ನೇ ಹೇಳಿಕೊಂಡು ಬಂದಿದ್ದ.

ಅಷ್ಟರಲ್ಲಿ ಓಣಿಗೂ ಕೇಡುಗಾಲ ಬಂದಿತ್ತು. ಎತ್ತರದ ಅಪಾರ್ಟ್‌ಮೆಂಟು ಕಟ್ಟುವವರು ಇಡೀ ಸಾಲನ್ನು ಕೊಂಡಿದ್ದರು. ಬಾಗಿಲು ಹಾಕಿದ ಅಂಗಡಿಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಎಳೆದಿದ್ದರು. ತಿಂಗಳ ಕೊನೆಗೆ ಕಾಂಗ್‌ಹ್ವಾ ಮನೆಯೂ ನೆಲಸಮವಾಗಬೇಕು. ಅಜ್ಜಿ ದ್ವೀಪದಲ್ಲಿರುವ ತಂಗಿಯ ಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು.

ಇಂಥ ಹೊತ್ತಿನಲ್ಲಿ ಒಂದು ರೇಡಿಯೋ ನಿಲಯದಿಂದ ಫೋನು ಬಂತು. ಮಧ್ಯಾಹ್ನದ ಕಾರ್ಯಕ್ರಮ ನಡೆಸುವ ಹೆಣ್ಣುಮಗಳು.

“ನಿಮ್ಮ ಆಲ್ಬಂನ ಮೊದಲ ಹಾಡು ಚೆನ್ನಾಗಿದೆ ಸರ್. ಈ ಶುಕ್ರವಾರ ಹಾಕೋಣ ಅಂತ. ನಮ್ಮ ಪರಿಶೀಲನಾ ಸಮಿತಿ ಒಪ್ಪಿದ ಮೇಲೆ.”

ದೊಕ್ಸುವಿನ ಕಿವಿಗೆ ಮೊದಲ ಮಾತು ಬಿತ್ತು, ಕೊನೆಯದು ಗಾಳಿಗೆ ಹೋಯಿತು. ಸಿ.ಡಿ. ಮತ್ತು ಸಾಹಿತ್ಯದ ಹಾಳೆಯನ್ನು ನಿಲಯಕ್ಕೆ ತಲುಪಿಸಿ, ಅಲ್ಲಿಂದ ನೇರ ಓಣಿಗೆ ಓಡಿಬಂದು, ಬಾಗಿಲಲ್ಲೇ ನಿಂತು ಕೂಗಿದ.

“ಅಜ್ಜಿ! ಶುಕ್ರವಾರ ನಮ್ ಹಾಡು ರೇಡಿಯೋದಲ್ಲಿ!”

“ಯಾವ್ ಹಾಡು?”

“ಇನ್ಯಾವ್ದು? ‘ಕಾಂಗ್‌ಹ್ವಾ ಮನೆ’!”

ಅಜ್ಜಿ ಸೌಟನ್ನು ಹಂಡೆಯಲ್ಲೇ ಬಿಟ್ಟು ಕೈ ಒರೆಸಿಕೊಂಡಳು. ಆ ಹಾಡಿನ ಪಲ್ಲವಿ ಅವಳಿಗೆ ಗೊತ್ತು. ಕಾಲಡಿಯಿಂದ ಎಷ್ಟು ವರ್ಷ ಕೇಳಿದ್ದಾಳೆ. ‘ಕಾಂಗ್‌ಹ್ವಾ ಮನೆ, ಕಾಂಗ್‌ಹ್ವಾ ಮನೆ, ಬಾಗಿಲು ಹಾಕಬೇಡ’ ಎಂದು ಮೂವರೂ ಗಂಟಲು ಹರಿಯುವಂತೆ ಕಿರುಚುವುದು.

“ಅಂಗ್ಡಿ ಹೆಸ್ರು ಹಂಗಂಗೇ ಬತ್ತದಾ?”

“ಹಂಗಂಗೇ ಅಜ್ಜಿ. ಮತ್ತೆ ಮತ್ತೆ ಬತ್ತದೆ. ದೇಶ ಎಲ್ಲಾ ಕೇಳ್ತದೆ.”

“ಹೂಂ. ಬೋರ್ಡು ಇಳ್ಸೋಕ್ ಮುಂಚೆ ಒಂದ್ಸಲ ಊರು ಕೇಳ್ಲಿ ಬಿಡು,” ಎಂದಳು ಅಜ್ಜಿ, ಯಾರದೋ ವಿಷಯ ಮಾತಾಡುವಂತೆ. ಆದರೆ ಮರುದಿನ ಅವಳು ಸ್ಟೂಲು ಹಾಕಿಸಿ, ಉದ್ದ ಕೋಲಿಗೆ ಬಟ್ಟೆ ಕಟ್ಟಿ, ಕೆಡವಲಿಕ್ಕಿರುವ ಅಂಗಡಿಯ ಬೋರ್ಡಿನ ಜಿಡ್ಡು ಒರೆಸುತ್ತಿದ್ದುದನ್ನು ಓಣಿಯೆಲ್ಲ ನೋಡಿತು. ಕೂದಲಿಗೆ ಕಪ್ಪು ಹಚ್ಚಿಸಿಕೊಂಡಳು. ಕೆಟ್ಟುಹೋಗಿದ್ದ ರೇಡಿಯೋ ರಿಪೇರಿಯಾಗಿ ಫ್ರಿಜ್ಜಿನ ಮೇಲೆ ಬಂದು ಕೂತಿತು.

ಬುಧವಾರ ದೊಕ್ಸು ಒಂದು ಪಿಯಾನೋವನ್ನು ಏಣಿಯ ಅರ್ಧಕ್ಕೆ ಏರಿಸಿದ್ದಾಗ ಮತ್ತೆ ಫೋನು ಬಂತು.

“ಸರ್, ಸಮಿತಿ ಒಪ್ಪಲಿಲ್ಲ. ಹಾಡಿನಲ್ಲಿ ಒಂದು ಅಂಗಡಿಯ ಹೆಸರು ಪದೇ ಪದೇ ಬರುತ್ತೆ. ಅದು ಜಾಹೀರಾತು ಆಗುತ್ತಂತೆ.”

“ಜಾಹೀರಾತಾ? ಅಮ್ಮಾ, ಆ ಅಂಗಡೀನ ಈ ತಿಂಗಳೇ ಕೆಡವ್ತಾರೆ. ಇಲ್ಲದ ಅಂಗಡಿಗೆ ಯಾರ್ ಬರ್ತಾರೆ?”

“ನನಗೆ ಅರ್ಥವಾಗುತ್ತೆ ಸರ್. ಅವರಿಗೆ ನಿಯಮ. ನಾಳೆ ಸಂಜೆಯೊಳಗೆ ಆ ಹೆಸರು ತೆಗೆದು ಹೊಸದಾಗಿ ಕೊಟ್ಟರೆ ಮತ್ತೆ ಕೇಳ್ತಾರೆ. ಇಲ್ಲಾಂದ್ರೆ ಶುಕ್ರವಾರ ಬೇರೆಯವರ ಹಾಡು ಹಾಕ್ತೀನಿ.”

ಮೇಲೆ ಪಿಯಾನೋ ಗಾಳಿಗೆ ತೂಗುತ್ತಿತ್ತು. ಕಿಟಕಿಯಲ್ಲಿ ನಿಂತ ಮನೆಯೊಡತಿ, “ಏನ್ರೀ, ನಿದ್ದೆ ಬಂತಾ ಅಲ್ಲಿ?” ಎಂದು ಅರಚಿದಳು. ದೊಕ್ಸು ಗಾಡಿಯ ಹಿಡಿಕೆ ಒತ್ತಿ ಅದನ್ನು ಮೇಲಕ್ಕೆ ಕಳಿಸಿದ. ಸಮಿತಿ ಒಪ್ಪುವ ಮೊದಲೇ ಓಣಿಗೆಲ್ಲ ಡಂಗುರ ಹೊಡೆದಿದ್ದು ಅವನೇ.

ಸಂಜೆ ಶಾಲೆಯ ಅಡುಗೆಮನೆಯ ಹಿಂದೆ ಯೊಂಗ್ರಾನ್ ಪಾತ್ರೆ ತಿಕ್ಕುತ್ತಿದ್ದಳು. ಅವನು ವಿಷಯ ಹೇಳಿದ.

“‘ಕಾಂಗ್‌ಹ್ವಾ ಮನೆ’ ಅನ್ನೋ ಕಡೆ ‘ಅಲ್ಲೊಂದು ಮನೆ’ ಅಂತ ಹಾಕ್ತೀನಿ. ರೇಡಿಯೋಗೆ ಮಾತ್ರ. ಸಿ.ಡಿ.ಯಲ್ಲಿ ಹೆಂಗೂ ಇದ್ದೇ ಐತಲ್ಲ.”

“ಅಜ್ಜಿ ಹತ್ರ ಸಿ.ಡಿ. ಹಾಕೋ ಮಿಷನ್ ಐತಾ ಅಣ್ಣ?”

ಅವನು ತೊಳೆದ ಪಾತ್ರೆಯೊಂದನ್ನು ಎತ್ತಿ ಕವುಚಿ ಇಟ್ಟ.

“ಬೋರ್ಡ್ ಒರೆಸ್ತಿದ್ಲು ಅಣ್ಣ ಅವ್ಳು. ಆ ವಯಸ್ಸಲ್ಲಿ ಕತ್ತು ಮೇಲೆತ್ಕೊಂಡು. ನೀನು ಹಾಡಿಂದ ಆ ಹೆಸ್ರನ್ನೇ ಒರೆಸಕ್ಕೆ ಹೊರಟೀಯಾ?”

“ಈ ಒಂದು ಹಾಡೂ ರೇಡಿಯೋದಲ್ಲಿ ಬರ್ದೇ ಹೋದ್ರೆ ಏಣಿಗಾಡಿ ಸತ್ತಂಗೆ ಯೊಂಗ್ರಾನ್. ಯಾರೂ ತಿರುಗಿ ನೋಡ್ಲಿಲ್ಲ. ಒಬ್ಬರಂದ್ರೆ ಒಬ್ರು. ಇದೊಂದೇ ಫೋನು ಬಂದಿದ್ದು.”

“ಸತ್ರೆ ಸಾಯ್ಲಿ. ಸಾಯೋದಾದ್ರೂ ಮರ್ಯಾದೆಯಾಗಿ ಸಾಯ್ಲಿ,” ಎಂದು ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಮಾತು ಅಲ್ಲಿಗೆ ಮುಗಿಯಿತು.

ಗುರುವಾರ ದೊಕ್ಸು ಒಬ್ಬನೇ ಪರಿಚಯದವನ ರೆಕಾರ್ಡಿಂಗ್ ಕೋಣೆಗೆ ಹೋದ. ಹೆಡ್‌ಫೋನ್ ಹಾಕಿಕೊಂಡು ಪಲ್ಲವಿ ಬಂದಾಗ ಬಾಯಿ ತಾನಾಗಿ ‘ಕಾಂಗ್‌ಹ್ವಾ’ ಎಂದಿತು. ಮತ್ತೊಮ್ಮೆ ಹಾಡಿದ, ಮತ್ತೆ ಅದೇ. ನಾಲಿಗೆಯೇ ಅವನ ಮಾತು ಕೇಳಲಿಲ್ಲ. ಕೊನೆಗೆ ‘ಅಲ್ಲೊಂದು ಮನೆ’ ಎಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ಅದನ್ನೇ ದುರುಗುಟ್ಟಿ ನೋಡುತ್ತ ಹಾಡಿ ಮುಗಿಸಿದ. ಕೇಳಿದರೆ ಸಂತೆಯಲ್ಲಿ ದಾರಿ ಕೇಳುವವನ ದನಿಯಂತಿತ್ತು. ಸಮಿತಿಗೆ ಅಷ್ಟು ಸಾಕಾಯಿತು. ಶುಕ್ರವಾರ ಬೆಳಗ್ಗೆ ಒಪ್ಪಿಗೆ ಬಂತು.

ಅಜ್ಜಿಗೆ ಹೇಳಿಬಿಡಬೇಕೆಂದೇ ಅವನು ಅಂಗಡಿಗೆ ಬಂದ. ಹೊಸ್ತಿಲು ದಾಟಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಓಣಿ ಬಿಟ್ಟುಹೋಗಿದ್ದವರೂ ಬಸ್ಸು ಹತ್ತಿ ಬಂದಿದ್ದರು. ಬೀಗದ ರಿಪೇರಿಯ ಮುದುಕ, ಹೊಲಿಗೆಯವಳು, ಕುಕ್ ಸೋದರಿ ಎಲ್ಲರೂ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದರು. ಅಜ್ಜಿ ಮದುವೆ ಮನೆಯ ಹೆಂಗಸಿನಂತೆ ಸಾರು ಬಡಿಸುತ್ತಿದ್ದಳು.

“ಬಾರಪ್ಪ ದೊಡ್ ಮನುಷ್ಯ! ಈವತ್ತಿಂದ ಅಜ್ಜಿ ನಿನ್ ಕೈಯಲ್ಲಿ ಪಾತ್ರೆ ತೊಳ್ಸಂಗಿಲ್ಲ,” ಎಂದಳು ಕುಕ್ ಸೋದರಿ.

“ಅಜ್ಜಿ, ಒಂದ್ ಮಾತು...”

“ಆಮೇಲ್ ಹೇಳೋ. ಮೊದ್ಲು ತಿನ್ನು. ಮುಖ ನೋಡು, ಒಣಗಿದ ಮೀನಿನಂಗಾಗೈತೆ.”

ಅವಳು ಅವನ ಬಟ್ಟಲಿಗೆ ಎಂದೂ ಹಾಕದಷ್ಟು ಮಾಂಸ ಹಾಕಿದಳು. ಅವನು ಒಂದು ಚಮಚ ಬಾಯಿಗಿಟ್ಟ. ಉಳಿದ ಮಾಂಸವನ್ನು ಚಮಚದಿಂದ ಅನ್ನದಡಿಗೆ ಒತ್ತಿದ. ಯೊಂಗ್ರಾನ್ ಬಂದು ಮೂಲೆಯ ಗೋಡೆಗೆ ಒರಗಿ ನಿಂತಳು. ಅವನ ಕಡೆ ನೋಡಲಿಲ್ಲ.

ರೇಡಿಯೋದವಳ ದನಿ ಕೇಳಿತು. “ಈಗ ಏಣಿಗಾಡಿ ಅನ್ನೋ ಹೊಚ್ಚ ಹೊಸ ತಂಡದ ಹಾಡು...”

“ಹೊಚ್ಚ ಹೊಸದಂತೆ!” ಎಂದು ಬೀಗದ ಮುದುಕ ನಕ್ಕ. “ಹನ್ನೆರಡು ವರ್ಷದಿಂದ ನನ್ ಕಿವಿ ತೂತು ಬಿದ್ದೈತೆ!”

“ಶ್! ಬಾಯ್ ಮುಚ್ರಿ!” ಅಜ್ಜಿ ಸೌಟು ಎತ್ತಿದಳು.

ಗಿಟಾರು ಶುರುವಾಯಿತು. ಕಾಲಡಿಯ ಕತ್ತಲಲ್ಲಿ ಹುಟ್ಟಿದ ಸದ್ದು ಫ್ರಿಜ್ಜಿನ ಮೇಲಿನಿಂದ ಇಳಿದು ಬರುತ್ತಿತ್ತು. ಬದುಕಿಡೀ ದೊಕ್ಸು ಕಾದಿದ್ದ ಗಳಿಗೆ ಅದು. ಕೇಳಿಸಿದರೆ ಕಣ್ಣಲ್ಲಿ ನೀರು ಬರುತ್ತದೆಂದು ಎಷ್ಟೋ ಸಲ ಅಂದುಕೊಂಡಿದ್ದ. ಈಗ ಪಲ್ಲವಿಗೆ ಇನ್ನೆಷ್ಟು ಸಾಲು ಎಂದು ಎಣಿಸುತ್ತಿದ್ದ. ಮೊದಲ ಚರಣ ಬಂತು, ಎಲುಬು ಕುದಿಯುವ ವಾಸನೆ, ಮಂಜು ಹಿಡಿದ ಕಿಟಕಿ. ಅಜ್ಜಿ ತಲೆ ಆಡಿಸುತ್ತ ಬೋರ್ಡು ಇರುವ ದಿಕ್ಕಿಗೆ ಕತ್ತು ತಿರುಗಿಸಿದಳು, ಹೆಸರು ಬಂದಾಗ ಅದಕ್ಕೂ ಕೇಳಿಸಲಿ ಎಂಬಂತೆ. ಎರಡನೆಯ ಚರಣ ಬಂತು. ಇನ್ನು ಪಲ್ಲವಿ. ದೊಕ್ಸು ಕಣ್ಣು ಮುಚ್ಚಿದ. ಕರೆಂಟು ಹೋಗಲಿ, ರೇಡಿಯೋ ಸುಟ್ಟುಹೋಗಲಿ, ಹಾಡು ಇಲ್ಲಿಗೆ ನಿಂತುಹೋಗಲಿ ಎಂದು ಬೇಡಿಕೊಂಡ. ಯೊಂಗ್ರಾನಳ ಡ್ರಮ್ಮು ಗುಡುಗಿನಂತೆ ಉರುಳಿ ಪಲ್ಲವಿಯ ಅಂಚಿಗೆ ಬಂತು.

“ಕೇಳುಗರೇ, ಹಾಡಿನ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಸೋಲ್ ನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿ ಬಿದ್ದಿದೆ. ಆ ದಾರಿಯಲ್ಲಿರುವವರು...”

ವಾಹನಗಳ ಸುದ್ದಿ ಮುಗಿದದ್ದೇ ಜಾಹೀರಾತು. ಪೊಟ್ಟಣದಲ್ಲಿ ಬರುವ ಎಲುಬಿನ ಸಾರಿನದು. ಮಕ್ಕಳ ದನಿಯಲ್ಲಿ ಅದರ ಹೆಸರನ್ನು ಮೂರು ಸಲ ಹಾಡಿದರು. ಹಾಡು ಮತ್ತೆ ಬರಲಿಲ್ಲ.

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೇ ಎದ್ದರು.

“ಅವರ ಮನೆ ಹಾಳಾಗ! ಇನ್ನೇನು ಹೆಸ್ರು ಬರ್ತಿತ್ತು!”

“ಲಾರಿಯವನಿಗೆ ಬೀಳಕ್ಕೆ ಬೇರೆ ಹೊತ್ತೇ ಸಿಗ್ಲಿಲ್ವಾ!”

“ಬಾಯ್ಗೆ ಬಂದಿತ್ತಲ್ರೀ, ನಾಲ್ಗೆ ತುದೀಲಿತ್ತು!”

ಅಜ್ಜಿ ಮಾತ್ರ ಕೂಗಲಿಲ್ಲ. ರೇಡಿಯೋವನ್ನು ಆರಿಸಿ ದೊಕ್ಸುವಿನ ಎದುರು ಬಂದು ನಿಂತಳು.

“ಬತ್ತಿತ್ತಲ್ವೇನೋ? ಅದೇ ಜಾಗ ಅಲ್ವಾ?”

ಮೂಲೆಯಲ್ಲಿದ್ದ ಯೊಂಗ್ರಾನ್ ಆಗ ಮೊದಲ ಸಲ ಅವನನ್ನು ನೋಡಿದಳು.

“ಬತ್ತಿತ್ತಜ್ಜಿ,” ಎಂದ ದೊಕ್ಸು. “ಅದೇ ಜಾಗ.”

“ಹೋಗ್ಲಿ ಬಿಡು. ಕುತ್ಗೆವರ್ಗೂ ಬಂತಲ್ಲ,” ಎಂದು ಅಜ್ಜಿ ಅವನ ತಲೆಯ ಮೇಲೊಮ್ಮೆ ಕೈಯಿಟ್ಟು ಹಂಡೆಯ ಕಡೆ ಹೋದಳು.

ಆಗ ಅವನಿಗೆ ಎದೆ ಹಗುರಾಯಿತು. ಹಗುರಾದದ್ದು ಗೊತ್ತಾದ ಕ್ಷಣವೇ ಮೊದಲಿನದಕ್ಕಿಂತ ದೊಡ್ಡ ಭಾರ ಬಂದು ಕೂತಿತು. ಇಷ್ಟು ವರ್ಷ ಯಾವ ಹಾಡಿಗಾಗಿ ತಿಂದಿದ್ದು ಮೈಗೆ ಹತ್ತದಂತೆ ಬದುಕಿದ್ದನೋ, ಅದು ಬಾಯ್ಬಿಟ್ಟ ಒಂದೇ ಒಂದು ಸಲ, ಅದು ಸಾಯಲಿ ಎಂದು ಬೇಡಿಕೊಂಡವನು ಅವನೇ. ಬೇಡಿದ್ದು ಸಿಕ್ಕಿತ್ತು.

ಆಮೇಲೆ ರೇಡಿಯೋದವರು ಫೋನು ಮಾಡಲಿಲ್ಲ. ಬೇರೆ ಯಾರೂ ಮಾಡಲಿಲ್ಲ. ಅಜ್ಜಿ ಮಾತ್ರ ಬಂದುಹೋಗುವ ಗಿರಾಕಿಗೆಲ್ಲ ಲಾರಿ ಮಗುಚಿದ ಕತೆ ಹೇಳಿದಳು. ಹೇಳಿದಷ್ಟೂ ಕತೆ ಬೆಳೆಯಿತು. ಕೊನೆಕೊನೆಗೆ ಹೆಸರಿನ ಮೊದಲ ಅರ್ಧ ತನಗೆ ಕೇಳಿಸಿತ್ತು ಎನ್ನತೊಡಗಿದಳು. “‘ಕಾಂಗ್’ ಅಂದ್ರು ಕಣಪ್ಪಾ, ‘ಹ್ವಾ’ ಅನ್ನೋಕ್ ಬಿಡ್ಲಿಲ್ಲ.” ದೊಕ್ಸು ಪಕ್ಕದಲ್ಲೇ ಕೂತು ಸಾರು ಕುಡಿಯುತ್ತಿದ್ದ. ಅದನ್ನು ಇಲ್ಲವೆನ್ನಲು ಅವನ ಕೈಲಾಗಲಿಲ್ಲ.

ತಿಂಗಳ ಕೊನೆಯ ದಿನ ಅವನು ತನ್ನ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಯಾರೂ ಕರೆದಿರಲಿಲ್ಲ. ಹಂಡೆ, ಒಲೆ, ಗಿಡ್ಡ ಮೇಜುಗಳೆಲ್ಲ ಹೋದ ಮೇಲೆ ಉಳಿದದ್ದು ಬಾಗಿಲ ನೆತ್ತಿಯ ಮೇಲೆ ಎತ್ತರಕ್ಕೆ ಮೊಳೆ ಹೊಡೆದ ಬೋರ್ಡೊಂದೇ. ಯೊಂಗ್ರಾನ್ ಸಾಮಾನು ಹೊರಲು ಬಂದಿದ್ದಳು. ನೆಲಮಾಳಿಗೆಯಿಂದ ಡ್ರಮ್ಮುಗಳನ್ನು ಒಂದೊಂದಾಗಿ ಮೇಲೆ ತಂದು ರಸ್ತೆಯಲ್ಲಿಟ್ಟಳು.

“ಭಾನುವಾರ ಅಭ್ಯಾಸ?” ಎಂದು ಅವನು ಕೇಳಿದ. ಅಷ್ಟು ದಿನದ ಮೇಲೆ ಅವಳೊಡನೆ ಆಡಿದ ಮೊದಲ ಮಾತು ಅದು.

“ಎಲ್ಲಿ ಅಣ್ಣ?” ಎಂದಳು ಯೊಂಗ್ರಾನ್. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವನು ಏಣಿ ಚಾಚಿದ. ಕೆಡವುವ ಕಂಪನಿಯ ಆಳು ಮೇಲೆ ಹತ್ತಿ ಮೊಳೆ ಕಿತ್ತು, ಬೋರ್ಡನ್ನು ಏಣಿಯ ಹಲಗೆಯ ಮೇಲೆ ಧಡಕ್ಕನೆ ಬೀಳಿಸಿದ. ಕೆಳಗೆ ಸೆರಗಿನಂತೆ ಏಪ್ರನ್ ಕಟ್ಟಿಕೊಂಡು ನಿಂತಿದ್ದ ಅಜ್ಜಿ ಕತ್ತೆತ್ತಿ ಗದರಿದಳು.

“ಮೆಲ್ಲಗೋ ತಮ್ಮಾ! ರೇಡಿಯೋದಲ್ಲಿ ಬರ್ಬೇಕಾಗಿದ್ದ ಹೆಸ್ರು ಅದು!”

ಆಳು ಏನೂ ತಿಳಿಯದೆ ದೊಕ್ಸುವಿನ ಮುಖ ನೋಡಿದ. ದೊಕ್ಸು ತಲೆ ಬಗ್ಗಿಸಿ ಹಿಡಿಕೆ ಒತ್ತಿದ. ಒರೆಸಿ ಹೊಳೆಯುತ್ತಿದ್ದ ಬೋರ್ಡು ಏಣಿಯ ಮೇಲೆ, ಹಲಗೆ ಕಿರುಗುಟ್ಟುತ್ತ, ಅವನ ಕಡೆಗೇ ಇಳಿದು ಬರತೊಡಗಿತು.